ಪರದೆಯೊಳಗಿನ ಕೋವಿ ಒಲ್ಲದವರಿಗೂ ಯಾಕೆ ಹಿಡಿಸುತ್ತದೆ?

ಕೊಡಗಿನ ಪಾಲಿಬೆಟ್ಟದ ಸುತ್ತಮುತ್ತ ಕೋವಿ ಅಪರೂಪದ ವಸ್ತುವಲ್ಲ. ಕೊಡವರಿಗೂ ಇಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ನಿಯಮದಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗದ್ದೆಯ ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ಮನೆಯ ಕೋವಿ, ಕತ್ತಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ.

ಇಂಥ ಮನೆಗಳಲ್ಲೇ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಗುಂಡು ಹಾರಿಸುವ ಆಟ ಆಡುವಾಗ ಹಿರಿಯರಿಗೆ ಕಸಿವಿಸಿಯಾಗುತ್ತದೆ. ಅದಕ್ಕೆ ಗಟ್ಟಿಯಾದ ಕಾರಣವೂ ಇದೆ. ಕೋವಿ ಇರುವ ಮನೆಯಲ್ಲಿ ಮಗುವಿಗೆ ಮೊದಲು ಕಲಿಸುವ ಪಾಠವೆಂದರೆ, ತೋಟಾ ಇರಲಿ ಇಲ್ಲದಿರಲಿ, ನಳಿಗೆಯನ್ನು ಮನುಷ್ಯರ ಕಡೆಗೆ ತಿರುಗಿಸಬಾರದು ಎಂಬುದು. ಪರದೆಯ ಮೇಲಿನ ಆಟ ಶುರುವಾಗುವುದೇ ಆ ಪಾಠವನ್ನು ಮುರಿದು. ಕೋವಿಯ ಪರಿಚಯವೇ ಇಲ್ಲದವರಿಗಿಂತ ಅದನ್ನು ಕೈಯಲ್ಲಿ ಹಿಡಿದವರಿಗೇ ಈ ಆಟಗಳು ಹೆಚ್ಚು ಅಸಹನೀಯ ಅನಿಸುವುದನ್ನು ನಾನು ನೋಡಿದ್ದೇನೆ.

ಆದರೂ ಒಂದು ಸಂಗತಿ ವಿವರಣೆ ಬೇಡುತ್ತದೆ. ಈ ಆಟಗಳೆಂದರೆ ಮೂಗು ಮುರಿಯುತ್ತಿದ್ದವರು, ಯಾರದೋ ಒತ್ತಾಯಕ್ಕೆ ಕೆಲವು ಸಂಜೆ ಕೂತ ಮೇಲೆ, ತಾವಾಗಿಯೇ ಇನ್ನೊಂದು ಸುತ್ತು ಆಡೋಣ ಅನ್ನುತ್ತಾರೆ. ಐವತ್ತು ದಾಟಿದ ನನಗೂ ಹಾಗೇ ಆಯಿತು. ಕಾಲೇಜು ಓದುತ್ತಿರುವ ಅಕ್ಕನ ಮಗ ಮಳೆಗಾಲದಲ್ಲಿ ಊರಿಗೆ ಬಂದಾಗ ಕಲಿಸಿದ. ನಾನು ಮನಸ್ಸಿಲ್ಲದೆ ಕೂತೆ. ಆಮೇಲೆ ಸಂಜೆಯಾದರೆ ಅದಕ್ಕಾಗಿ ಕಾಯತೊಡಗಿದೆ. ಗುಂಡು ಹಾರಿಸುವ ಆಸೆಯೊಂದು ಒಳಗೆ ಅಡಗಿದ್ದು ಹೊರಬಂತೇ, ಅಥವಾ ಅಲ್ಲಿರುವ ಖುಷಿಯೇ ಬೇರೆಯೇ? ಮಕ್ಕಳ ಆಟದ ಬಗ್ಗೆ ನಾವು ಏನು ತೀರ್ಮಾನ ಮಾಡುತ್ತೇವೆ ಎಂಬುದು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಮೊದಲು ಆಟದ ಸ್ವರೂಪ ನೋಡೋಣ. ಇವುಗಳಿಗೆ ಫಸ್ಟ್ ಪರ್ಸನ್ ಶೂಟರ್, ಚುಟುಕಾಗಿ ಎಫ್‌ಪಿಎಸ್ ಎಂದು ಹೆಸರು. ಪರದೆಯ ಮೇಲೆ ಆಡುವವನ ದೇಹ ಕಾಣುವುದಿಲ್ಲ. ಅವನ ಕಣ್ಣಿಗೆ ಏನು ಕಾಣಬೇಕೋ ಅಷ್ಟೇ ಕಾಣುತ್ತದೆ: ಎದುರಿಗೆ ದಾರಿ, ಪಕ್ಕಕ್ಕೆ ಗೋಡೆ, ಕೆಳಗೆ ಬಲಗಡೆ ಒಂದು ಕೋವಿಯ ತುದಿ, ನಟ್ಟ ನಡುವೆ ಗುರಿಯ ಚುಕ್ಕೆ. ನಮ್ಮ ಕಡೆ ಎಲ್ಲರೂ ಪಬ್ಜಿ ಎಂದು ಕರೆಯುವ ಆಟದಲ್ಲಿ ಸಾಮಾನ್ಯವಾಗಿ ಆಟಗಾರನ ಬೆನ್ನ ಹಿಂದಿನಿಂದ ನೋಟ ಇರುತ್ತದೆ, ಅವನ ಇಡೀ ಮೈ ಕಾಣುತ್ತದೆ. ಹಾಗಾಗಿ ಅದು ಈ ಗುಂಪಿನ ಹತ್ತಿರದ ನೆಂಟ, ಇದೇ ಗುಂಪಿನದಲ್ಲ. ವ್ಯತ್ಯಾಸ ಸಣ್ಣದೆನಿಸಿದರೂ ಪರಿಣಾಮ ದೊಡ್ಡದು. ಬೆನ್ನ ಹಿಂದಿನಿಂದ ನೋಡಿದಾಗ ನಾವು ಯಾರನ್ನೋ ಆಡಿಸುತ್ತಿರುತ್ತೇವೆ. ಕಣ್ಣಿನಿಂದಲೇ ನೋಡಿದಾಗ ಆ ಜಾಗದೊಳಗೆ ನಾವೇ ಇರುತ್ತೇವೆ.

ಈ ನೋಟಕ್ಕೆ ಐವತ್ತು ವರ್ಷದ ಇತಿಹಾಸವಿದೆ. 1973-74ರ ಹೊತ್ತಿಗೆ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲವು ವಿದ್ಯಾರ್ಥಿಗಳು ‘ಮೇಜ್ ವಾರ್’ ಎಂಬ ಆಟ ಬರೆದರು. ಗೆರೆಗಳಲ್ಲಿ ಬಿಡಿಸಿದ ಓಣಿಗಳ ಚಕ್ರವ್ಯೂಹ, ಅದರಲ್ಲಿ ಒಬ್ಬರನ್ನೊಬ್ಬರು ಹುಡುಕುವ ಆಟಗಾರರು, ಅಷ್ಟೇ. ಜನಸಾಮಾನ್ಯರ ಮನೆಗೆ ಇದು ಬಂದದ್ದು 1992ರ ‘ವುಲ್ಫೆನ್‌ಸ್ಟೈನ್ 3ಡಿ’ ಮತ್ತು 1993ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಡೂಮ್’ ಮೂಲಕ. ಎರಡನ್ನೂ ಮಾಡಿದ್ದು ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ. ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ ಅದರ ಮುಖ್ಯರು.

ಆಗಿನ ದುರ್ಬಲ ಕಂಪ್ಯೂಟರಿನಲ್ಲಿ ಮೂರು ಆಯಾಮದ ಜಗತ್ತನ್ನು ಹೇಗೆ ತೋರಿಸಿದರು ಎಂಬುದು ತಿಳಿಯಬೇಕಾದ ಸಂಗತಿ. ‘ವುಲ್ಫೆನ್‌ಸ್ಟೈನ್’ನಲ್ಲಿ ಪರದೆಯನ್ನು ನೂರಾರು ಸಪೂರ ನಿಲುವು ಪಟ್ಟಿಗಳಾಗಿ ಸೀಳಿಕೊಂಡು, ಪ್ರತಿ ಪಟ್ಟಿಯ ದಿಕ್ಕಿನಲ್ಲಿ ಆಟಗಾರನ ಕಣ್ಣಿನಿಂದ ಒಂದು ಕಾಲ್ಪನಿಕ ಗೆರೆ ಎಳೆಯುತ್ತಾರೆ. ಆ ಗೆರೆ ಎಷ್ಟು ದೂರದಲ್ಲಿ ಗೋಡೆಗೆ ತಾಗುತ್ತದೆ ಎಂದು ಲೆಕ್ಕ ಹಾಕಿ, ಹತ್ತಿರವಿದ್ದರೆ ಗೋಡೆಯ ಪಟ್ಟಿಯನ್ನು ಎತ್ತರಕ್ಕೆ, ದೂರವಿದ್ದರೆ ಗಿಡ್ಡಕ್ಕೆ ಬಿಡಿಸುತ್ತಾರೆ. ಒಳಗಿರುವುದು ಚಪ್ಪಟೆಯಾದ ಒಂದು ನಕ್ಷೆ. ಆಳ ಹುಟ್ಟುವುದು ನೋಡುವವರ ಮಿದುಳಿನಲ್ಲಿ. 1996ರ ‘ಕ್ವೇಕ್’ ಹೊತ್ತಿಗೆ ನಿಜಕ್ಕೂ ಮೂರು ಆಯಾಮದ ಕೋಣೆಗಳು ಬಂದವು, ಜೊತೆಗೆ ತಲೆ ಎತ್ತಿ ಇಳಿಸಿ ನೋಡುವ ಸೌಲಭ್ಯವೂ ಬಂತು. ಹೊಸಬರ ಕಷ್ಟ ಹೆಚ್ಚಿದ್ದೂ ಅಲ್ಲಿಂದಲೇ. ‘ಡೂಮ್’ನಲ್ಲಿ ಮೇಲೆ ಕೆಳಗೆ ನೋಡುವಂತಿರಲಿಲ್ಲ, ಎದುರಿಗೆ ಸರಿಯಾಗಿ ತಿರುಗಿದರೆ ಸಾಕು, ಎತ್ತರದ ಗುರಿಯನ್ನು ಆಟವೇ ಹೊಂದಿಸಿಕೊಳ್ಳುತ್ತಿತ್ತು.

ಒಲ್ಲದವರು ಹೊರಗೇ ಉಳಿಯುವುದು ಈ ಕಷ್ಟದಿಂದಲೇ. ‘ನನಗೆ ಹಿಂಸೆಯ ಆಟ ಇಷ್ಟವಿಲ್ಲ’ ಅನ್ನುವವರಲ್ಲಿ ಬಹಳ ಮಂದಿ ಒಂದು ಸಲ ಕೂತು, ಐದು ನಿಮಿಷದಲ್ಲಿ ಸೋತು ಎದ್ದವರು. ಅವರು ಸೋತದ್ದು ಕೈಯ ಕೆಲಸದಲ್ಲಿ. ಕಂಪ್ಯೂಟರಿನಲ್ಲಿ ಆಡುವಾಗ ಎಡಗೈಯ ನಾಲ್ಕು ಕೀಲಿಗಳು ಕಾಲುಗಳ ಕೆಲಸ ಮಾಡುತ್ತವೆ: ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಬಲಗೈಯ ಮೌಸ್ ಕತ್ತು ಮತ್ತು ಕಣ್ಣಿನ ಕೆಲಸ ಮಾಡುತ್ತದೆ. ನಾವು ನಡೆಯುತ್ತಾ ಪಕ್ಕಕ್ಕೆ ನೋಡುವಾಗ ಮಿದುಳು ಎರಡನ್ನೂ ತಾನೇ ಹೊಂದಿಸುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಆಟದಲ್ಲಿ ಅದೇ ಕೆಲಸವನ್ನು ಎರಡು ಕೈಗಳಿಗೆ ಹಂಚಿಕೊಟ್ಟು, ಮೊದಲಿನಿಂದ ಕಲಿಯಿರಿ ಅನ್ನುತ್ತಾರೆ. ನಾನು ಬಾಗಿಲು ದಾಟಲು ಹೋಗಿ ಚೌಕಟ್ಟಿಗೆ ತಾಗಿ ನಿಲ್ಲುತ್ತಿದ್ದೆ. ತಿರುಗಲು ಹೋದರೆ ಸೂರು ಕಾಣುತ್ತಿತ್ತು, ಸರಿಮಾಡಲು ಹೋದರೆ ನೆಲ ಕಾಣುತ್ತಿತ್ತು. ‘ಮಾವ, ನೆಲ ನೋಡ್ಬೇಡಿ. ನೀವು ಹೋಗ್ಬೇಕಾದ ಮೂಲೆ ಇದೆಯಲ್ಲ, ಅಲ್ಲಿ ಆಳಿನ ತಲೆ ಎಷ್ಟೆತ್ತರಕ್ಕೆ ಬರುತ್ತೋ ಅಲ್ಲಿ ಚುಕ್ಕೆ ಇಟ್ಕೊಂಡೇ ನಡೀರಿ’ ಎಂದು ಹುಡುಗ ಹೇಳಿದ. ನುರಿತ ಆಟಗಾರರೆಲ್ಲರೂ ಮಾಡುವುದು ಇದನ್ನೇ. ಶತ್ರು ಕಂಡ ಮೇಲೆ ಗುರಿ ಹುಡುಕುವುದಿಲ್ಲ. ಕಾಣಬಹುದಾದ ಜಾಗದಲ್ಲಿ ಗುರಿಯನ್ನು ಮೊದಲೇ ಇಟ್ಟುಕೊಂಡಿರುತ್ತಾರೆ.

ಅವನು ಇನ್ನೊಂದು ಕೆಲಸ ಮಾಡಿದ. ಸೆಟ್ಟಿಂಗ್ಸ್‌ಗೆ ಹೋಗಿ ಮೌಸಿನ ಸೆನ್ಸಿಟಿವಿಟಿಯನ್ನು, ಅಂದರೆ ಮೌಸ್ ಇಷ್ಟು ಸರಿದರೆ ನೋಟ ಎಷ್ಟು ತಿರುಗಬೇಕು ಎಂಬ ಪ್ರಮಾಣವನ್ನು, ಅರ್ಧಕ್ಕಿಂತ ಕೆಳಗಿಳಿಸಿದ. ಹೊಸಬರು ಮೌಸನ್ನು ಬೆರಳಲ್ಲಿ ಆಡಿಸುತ್ತಾರೆ, ನೋಟ ಗಿರಕಿ ಹೊಡೆಯುತ್ತದೆ. ಪ್ರಮಾಣ ಇಳಿಸಿದರೆ ಇಡೀ ತೋಳನ್ನು ಮೇಜಿನ ಮೇಲೆ ಸರಿಸಬೇಕಾಗುತ್ತದೆ, ಕೈ ತಾನಾಗಿ ಸ್ಥಿರವಾಗುತ್ತದೆ. ಈ ಒಂದು ಬದಲಾವಣೆ ಮಾಡದೆ ಹಿರಿಯರನ್ನು ಆಟಕ್ಕೆ ಕೂರಿಸಿದರೆ ಅವರು ಎದ್ದು ಹೋಗುವುದು ಖಂಡಿತ.

ಕೈಯಾದ ಮೇಲೆ ಹೊಟ್ಟೆ. ಈ ಆಟ ನೋಡಿದರೆ ಹಲವರಿಗೆ ತಲೆ ಸುತ್ತುತ್ತದೆ, ಓಕರಿಕೆ ಬರುತ್ತದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆಚಂದ್ರಾಕಾರದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಗುರುತಿಸುತ್ತವೆ. ಆಟದಲ್ಲಿ ಕಣ್ಣು ‘ಓಡುತ್ತಿದ್ದೇನೆ’ ಅನ್ನುತ್ತದೆ, ಒಳಕಿವಿ ‘ಕೂತೇ ಇದ್ದೇನೆ’ ಅನ್ನುತ್ತದೆ. ಈ ತಕರಾರಿನಿಂದಲೇ ಓಕರಿಕೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಸಂಪಾಜೆ ಘಾಟಿಯಲ್ಲಿ ಹಿಂದಿನ ಸೀಟಿನವರಿಗೆ ವಾಂತಿಯಾಗುತ್ತದೆ, ಸ್ಟಿಯರಿಂಗ್ ಹಿಡಿದವನಿಗೆ ಆಗುವುದಿಲ್ಲ. ಮುಂದಿನ ತಿರುವು ಯಾವ ಕಡೆಗೆ ಎಂದು ಅವನ ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಆಟದಲ್ಲೂ ಹಾಗೇ, ಪಕ್ಕದಲ್ಲಿ ಕೂತು ನೋಡುವವರಿಗೆ ತೊಂದರೆ ಹೆಚ್ಚು, ಆಡುವವರಿಗೆ ಕಡಿಮೆ. ಮಗನ ಪರದೆ ನೋಡಿ ತಲೆಸುತ್ತು ಬಂದ ತಾಯಿ ‘ಇದನ್ನು ಇವನು ಹೇಗೆ ನೋಡುತ್ತಾನೋ’ ಅನ್ನುವುದರಲ್ಲಿ ಆಶ್ಚರ್ಯವಿಲ್ಲ. ಪರದೆಯಿಂದ ಸ್ವಲ್ಪ ದೂರ ಕೂರುವುದು, ಕೋಣೆಯ ದೀಪ ಹಾಕಿಕೊಳ್ಳುವುದು, ನಡೆಯುವಾಗ ನೋಟ ಕುಲುಕುವ ಆಯ್ಕೆಯನ್ನು ನಿಲ್ಲಿಸುವುದು, ಒಂದೇ ಸಲಕ್ಕೆ ಎಷ್ಟು ಅಗಲದ ದೃಶ್ಯ ಕಾಣಬೇಕು ಎಂಬುದನ್ನು ಹೆಚ್ಚಿಸುವುದು, ಇವೆಲ್ಲ ಕೆಲಸಕ್ಕೆ ಬರುತ್ತವೆ. ಓಕರಿಕೆ ಶುರುವಾದ ಕ್ಷಣವೇ ಎದ್ದುಬಿಡಬೇಕು. ಹಟ ಹಿಡಿದು ಕೂತರೆ ಮರುದಿನ ಆಟದ ಹೆಸರೇ ಬೇಡವಾಗುತ್ತದೆ.

ಇಷ್ಟು ದಾಟಿದವರಿಗೆ ಸಿಗುವುದೇನು? ನನ್ನ ಸೋದರಳಿಯ ಮೊದಲು ಆಡಿಸಿದ್ದು 2007ರಲ್ಲಿ ವಾಲ್ವ್ ಸಂಸ್ಥೆ ತಂದ ‘ಪೋರ್ಟಲ್’. ಅದರಲ್ಲೂ ಕೈಯಲ್ಲೊಂದು ಕೋವಿಯಂಥ ಸಾಧನವಿದೆ, ಆದರೆ ಅದು ಹಾರಿಸುವುದು ಗುಂಡನ್ನಲ್ಲ. ಒಂದು ಗೋಡೆಗೆ ಹೊಡೆದರೆ ಅಲ್ಲೊಂದು ಕಿಂಡಿ, ಇನ್ನೊಂದು ಗೋಡೆಗೆ ಹೊಡೆದರೆ ಇನ್ನೊಂದು ಕಿಂಡಿ. ಇದರೊಳಗೆ ಹೊಕ್ಕರೆ ಅದರಿಂದ ಹೊರಗೆ. ಎತ್ತರದಿಂದ ನೆಲದ ಕಿಂಡಿಗೆ ಬಿದ್ದರೆ, ಬಿದ್ದ ವೇಗದಲ್ಲೇ ಗೋಡೆಯ ಕಿಂಡಿಯಿಂದ ಅಡ್ಡಕ್ಕೆ ಚಿಮ್ಮುತ್ತೇವೆ. ಗುರಿಯಿಡುವುದನ್ನೂ ನಡೆಯುವುದನ್ನೂ ಅಲ್ಲಿ ನಾನು ಆತುರವಿಲ್ಲದೆ ಕಲಿತೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೊಸ್ತಿಲು ನನಗೆ ಕಂಡಿಲ್ಲ.

ಆಮೇಲೆ ಬಂದದ್ದು ‘ಕೌಂಟರ್ ಸ್ಟ್ರೈಕ್’. ಇದು 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹವ್ಯಾಸಿಗಳು ‘ಹಾಫ್ ಲೈಫ್’ ಆಟವನ್ನು ಮಾರ್ಪಡಿಸಿ ಮಾಡಿದ್ದು. ಆಮೇಲೆ ವಾಲ್ವ್ ಅದನ್ನು ಕೊಂಡಿತು. 2000ದ ದಶಕದಲ್ಲಿ ಬೆಂಗಳೂರು, ಮೈಸೂರಿನ ಸೈಬರ್ ಕೆಫೆಗಳಲ್ಲಿ ಹುಡುಗರು ಗಂಟೆಗಿಷ್ಟು ಎಂದು ಕೊಟ್ಟು ಆಡುತ್ತಿದ್ದ ಆಟ ಇದೇ. ಐವರು ಒಂದು ಕಡೆ, ಐವರು ಇನ್ನೊಂದು ಕಡೆ. ಒಂದು ತಂಡ ನಿಗದಿಯಾದ ಎರಡು ಜಾಗಗಳಲ್ಲಿ ಒಂದರಲ್ಲಿ ಬಾಂಬ್ ಇಡಬೇಕು. ಇನ್ನೊಂದು ತಂಡ ತಡೆಯಬೇಕು, ಇಲ್ಲವೇ ಇಟ್ಟ ಬಾಂಬನ್ನು ಸಮಯದೊಳಗೆ ನಿಷ್ಕ್ರಿಯಗೊಳಿಸಬೇಕು. ಒಂದು ಸುತ್ತು ಎರಡು ನಿಮಿಷದ ಆಸುಪಾಸು. ಗುಂಡು ತಗುಲಿ ಸತ್ತವರು ಮುಂದಿನ ಸುತ್ತಿನವರೆಗೆ ಕಾಯಬೇಕು.

ಈ ಕಾಯುವ ನಿಯಮದಿಂದ ಆಟದ ಗುಣವೇ ಬದಲಾಗುತ್ತದೆ. ಮರಳಿ ಬರಲು ತಡವಾಗುವುದರಿಂದ ಯಾರೂ ಕುರುಡಾಗಿ ನುಗ್ಗುವುದಿಲ್ಲ. ಇಡೀ ಸುತ್ತಿನಲ್ಲಿ ಗುಂಡು ಹಾರಿಸುವುದು ಕೆಲವೇ ಸೆಕೆಂಡು. ಉಳಿದ ಸಮಯವೆಲ್ಲ ಕಿವಿಗೊಡುವುದು, ಊಹಿಸುವುದು, ಜಾಗ ಬದಲಿಸುವುದು, ಜೊತೆಗಾರರಿಗೆ ಹೇಳುವುದು. ಸತ್ತವರು ಬದುಕಿರುವ ಜೊತೆಗಾರರ ಕಣ್ಣಿನಿಂದ ಆಟ ನೋಡುತ್ತಿರುತ್ತಾರೆ. ನಾನು ಹೆಚ್ಚು ಕಲಿತದ್ದು ಹಾಗೆ ನೋಡುವಾಗಲೇ. ಹುಡುಗನ ಕೈ ನನ್ನದಕ್ಕಿಂತ ಚುರುಕು ಎಂಬುದು ನಿಜ, ಆದರೆ ಅವನು ಗೆಲ್ಲುತ್ತಿದ್ದದ್ದು ಹೆಚ್ಚಾಗಿ ನಿಲ್ಲಲು ಆರಿಸಿಕೊಂಡ ಜಾಗದಿಂದ.

ಈ ಆಟದ ‘ಡಸ್ಟ್ 2’ ಎಂಬ ಮ್ಯಾಪ್, ಅಂದರೆ ಆಟದ ಬಯಲು, 2001ರಲ್ಲಿ ಡೇವ್ ಜಾನ್‌ಸ್ಟನ್ ಎಂಬವರು ರಚಿಸಿದ್ದು. ಮರುಭೂಮಿಯ ಊರೊಂದರ ಓಣಿಗಳು, ಒಂದು ಸುರಂಗ, ಒಂದು ಉದ್ದ ದಾರಿ, ನಡುವೆ ಎರಡು ಬಾಗಿಲು. ಜಗತ್ತಿನ ಕೋಟ್ಯಂತರ ಜನರಿಗೆ ಅದರ ಒಂದೊಂದು ಪೆಟ್ಟಿಗೆಯೂ ಗೊತ್ತು. ಮೊದಮೊದಲು ನನಗೆ ಅದು ಗೋಡೆಗಳ ಗೊಂದಲ ಮಾತ್ರವಾಗಿತ್ತು. ಬರಬರುತ್ತಾ ಹೆಜ್ಜೆ ಸದ್ದು ಬೇರೆ ಬೇರೆ ಎಂದು ತಿಳಿಯಿತು: ಕಲ್ಲಿನ ಮೇಲೊಂದು, ಹಲಗೆಯ ಮೇಲೊಂದು. ಓಡಿದರೆ ಕೇಳುತ್ತದೆ, ಮೆಲ್ಲನೆ ನಡೆದರೆ ಕೇಳುವುದಿಲ್ಲ. ಹೆಡ್‌ಫೋನಿನ ಎಡಗಿವಿಯಲ್ಲಿ ಸದ್ದು ಕೇಳಿ ಬಲಗಿವಿಯಲ್ಲಿ ಕೇಳದಿದ್ದರೆ ಯಾರೋ ಎಡಗಡೆ ಇದ್ದಾರೆ ಎಂದರ್ಥ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ಕಡೆಯ ಕಾಫಿ ತೋಟಗಳಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೋಗುವವರು ಹೀಗೆಯೇ ಕಿವಿಗೊಟ್ಟು ನಡೆಯುತ್ತಾರೆ. ಕೊಂಬೆ ಮುರಿದ ಸದ್ದು ಯಾವ ದಿಕ್ಕಿನದು, ಆನೆ ಎಷ್ಟು ದೂರದಲ್ಲಿದೆ, ಗಾಳಿ ಯಾವ ಕಡೆಗಿದೆ ಎಂದು ಲೆಕ್ಕ ಹಾಕಿಯೇ ದಾರಿ ಆರಿಸುತ್ತಾರೆ. ಅಲ್ಲಿ ಪ್ರಾಣದ ಪ್ರಶ್ನೆ, ಇಲ್ಲಿ ಬರೀ ಆಟ. ಆದರೆ ಕಿವಿಯಿಂದ ಜಾಗವನ್ನು ಓದುವ ಕೆಲಸ ಒಂದೇ.

ನನಗೆ ಖುಷಿ ಶುರುವಾದದ್ದು ಅಲ್ಲಿ. ಒಂದು ಸಂಜೆ, ಕಾಣದ ಎದುರಾಳಿ ಎಲ್ಲಿಂದ ಬರುತ್ತಾನೆ ಎಂದು ಬರೀ ಸದ್ದಿನಿಂದ ಊಹಿಸಿ, ಹೆಡ್‌ಫೋನಿನಲ್ಲಿ ಜೊತೆಗಾರರಿಗೆ ಹೇಳಿದೆ. ಅವರು ಅಲ್ಲಿ ಕಾದು ನಿಂತರು, ಅವನು ಅಲ್ಲಿಗೇ ಬಂದ. ಆ ಸುತ್ತಿನಲ್ಲಿ ನಾನು ಒಂದು ಗುಂಡೂ ಹಾರಿಸಿರಲಿಲ್ಲ.

ನನ್ನೊಬ್ಬನ ಅನುಭವವನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಆದರೆ ಇದೇ ಪ್ರಶ್ನೆಯನ್ನು ಪ್ರಯೋಗಕ್ಕೊಡ್ಡಿದವರಿದ್ದಾರೆ. ಆಂಡ್ರ್ಯೂ ಶಿಬಿಲ್‌ಸ್ಕಿ, ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ ಎಂಬ ಮನೋವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದಕ್ಕೆ ‘ಹಾಫ್ ಲೈಫ್ 2’ ಆಟವನ್ನು ಎರಡು ರೂಪದಲ್ಲಿ ಸಿದ್ಧಪಡಿಸಿದರು. ಒಂದರಲ್ಲಿ ಎಂದಿನಂತೆ ಗುಂಡು, ರಕ್ತ. ಇನ್ನೊಂದರಲ್ಲಿ ಗುರಿ ತಾಗಿದ ಎದುರಾಳಿ ಮೆಲ್ಲನೆ ಗಾಳಿಯಲ್ಲಿ ಮೇಲೇರಿ ಮಾಯವಾಗುತ್ತಾನೆ, ಮುಟ್ಟಾಟದಲ್ಲಿ ಔಟಾದ ಹಾಗೆ. ನಿಯಮ, ಬಯಲು, ಕಷ್ಟ ಒಂದೇ. ಆಡಿದವರಿಗೆ ಸಿಕ್ಕ ಖುಷಿಗೆ ರಕ್ತದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಖುಷಿಯನ್ನು ನಿರ್ಧರಿಸಿದ್ದು ಬೇರೆ ಸಂಗತಿಗಳು: ‘ನನಗೆ ಇದು ಕೈಹತ್ತುತ್ತಿದೆ’ ಎಂಬ ಅರಿವು ಮತ್ತು ‘ಏನು ಮಾಡಬೇಕೆಂದು ನಾನೇ ಆರಿಸುತ್ತಿದ್ದೇನೆ’ ಎಂಬ ಸ್ವಾತಂತ್ರ್ಯ. ಇದೇ ಸಂಶೋಧಕರ ಹಿಂದಿನ ಅಧ್ಯಯನದಲ್ಲಿ ‘ಜೊತೆಗೆ ಯಾರೋ ಇದ್ದಾರೆ’ ಎಂಬ ನಂಟೂ ಈ ಪಟ್ಟಿಯಲ್ಲಿತ್ತು. ಮೊದಲ ದಿನ ಗೋಡೆಗೆ ತಾಗುವವನಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಅವನ ಕಣ್ಣಿಗೆ ಕಾಣುವುದು ರಕ್ತ ಮಾತ್ರ. ಕೈ ಪಳಗಿದ ಮೇಲೆ ರಕ್ತ ಹಿನ್ನೆಲೆಗೆ ಸರಿದು ಜಾಗವೂ ಜನವೂ ಮುಂದೆ ಬರುತ್ತವೆ. ಹೊರಗಿನಿಂದ ನೋಡುವವರಿಗೂ ಒಳಗೆ ಆಡುವವರಿಗೂ ಒಂದೇ ಪರದೆಯಲ್ಲಿ ಬೇರೆ ಬೇರೆ ಸಂಗತಿ ಕಾಣುವುದು ಹೀಗೆ.

ಇನ್ನೊಂದು ಸಂಶೋಧನೆಯನ್ನೂ ಹೇಳಬೇಕು. 2003ರಲ್ಲಿ ಶಾನ್ ಗ್ರೀನ್ ಮತ್ತು ದಾಫ್ನೆ ಬಾವೆಲಿಯರ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬರೆದರು. ಇಂಥ ಆಟ ಆಡದವರನ್ನು ಆರಿಸಿ, ಕೆಲವರಿಗೆ ಹತ್ತು ಗಂಟೆ ‘ಮೆಡಲ್ ಆಫ್ ಆನರ್’ ಎಂಬ ಗುಂಡಿನಾಟ, ಕೆಲವರಿಗೆ ಇಟ್ಟಿಗೆ ಜೋಡಿಸುವ ‘ಟೆಟ್ರಿಸ್’ ಆಡಿಸಿದರು. ಮೊದಲ ಗುಂಪಿನವರಲ್ಲಿ ಒಂದೇ ಸಮಯಕ್ಕೆ ಹಲವು ವಸ್ತುಗಳ ಮೇಲೆ ಗಮನ ಇಡುವ ಶಕ್ತಿ, ಕಣ್ಣಂಚಿನಲ್ಲಿ ನಡೆಯುವುದನ್ನು ಗುರುತಿಸುವ ಶಕ್ತಿ ಹೆಚ್ಚಿತು. 2007ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು ಇದೇ ಬಗೆಯ ತರಬೇತಿ ಕೊಟ್ಟಾಗ ಹೆಂಗಸರಲ್ಲಿ ಸುಧಾರಣೆ ಗಂಡಸರಿಗಿಂತ ಹೆಚ್ಚಾಗಿ ಕಂಡಿತು. ಮುಂದಿನ ವರ್ಷಗಳಲ್ಲಿ ಈ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ನಡೆದಿದೆ, ಅದನ್ನು ಔಷಧಿಯ ಹಾಗೆ ಯಾರೂ ಮಾರಬಾರದು. ಆದರೆ ಈ ಆಟ ಕಣ್ಣಿಗೂ ಗಮನಕ್ಕೂ ದುಡಿಮೆ ಕೊಡುತ್ತದೆ ಎಂಬಷ್ಟು ಹೇಳಲು ಅಡ್ಡಿಯಿಲ್ಲ.

ಹಾಗಾದರೆ ಆಡುವವರು ಕ್ರೂರರಾಗುತ್ತಾರೆಯೇ? ಸಿಟ್ಟು, ಒರಟುತನ ಸ್ವಲ್ಪ ಹೆಚ್ಚುತ್ತದೆ ಎಂದು ಅಮೆರಿಕದ ಮನೋವಿಜ್ಞಾನ ಸಂಘ 2015ರಲ್ಲಿ ಹೇಳಿತ್ತು. ಅದೇ ಸಂಘ 2020ರಲ್ಲಿ, ನಿಜವಾದ ಹಿಂಸಾಕೃತ್ಯಗಳನ್ನು ಈ ಆಟಗಳ ತಲೆಗೆ ಕಟ್ಟಲು ಸಾಕಷ್ಟು ಪುರಾವೆ ಇಲ್ಲ ಎಂದು ಸ್ಪಷ್ಟಪಡಿಸಿತು. ಬ್ರಿಟನ್ನಿನ 14-15 ವರ್ಷದ ಸುಮಾರು 1,000 ಮಕ್ಕಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣಶೀಲತೆಯ ಬಗ್ಗೆ ಹೆತ್ತವರು ಹೇಳಿದ್ದಕ್ಕೂ ನಂಟು ಕಾಣಲಿಲ್ಲ.

ನಿಜವಾದ ಕೋವಿಗೂ ಪರದೆಯ ಕೋವಿಗೂ ಇರುವ ಅಂತರವನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ. ತೆಂಗಿನಕಾಯಿಗೆ ಗುರಿಯಿಟ್ಟವನಿಗೆ ಹೆಗಲಿಗೆ ಒದೆ ಬೀಳುತ್ತದೆ, ಉಸಿರು ಹಿಡಿಯಬೇಕಾಗುತ್ತದೆ, ನಳಿಗೆಯ ಭಾರಕ್ಕೆ ತೋಳು ನಡುಗುತ್ತದೆ. ಪರದೆಯ ಕೋವಿಗೆ ಭಾರವಿಲ್ಲ. ‘ಕೌಂಟರ್ ಸ್ಟ್ರೈಕ್’ ಮಾಡಿದವರು ಆ ಭಾರದ ಬದಲಿಗೆ ನಿಯಮಗಳನ್ನು ಇಟ್ಟರು. ಓಡುತ್ತಾ ಹಾರಿಸಿದರೆ ಗುಂಡು ಎತ್ತೆತ್ತಲೋ ಹೋಗುತ್ತದೆ. ನಿಂತು ಹಾರಿಸಿದರೆ ಮಾತ್ರ ಗುರಿ. ಬಿಡದೆ ಹಾರಿಸಿದರೆ ನಳಿಗೆ ಮೇಲೇರುತ್ತದೆ, ಮೌಸನ್ನು ಕೆಳಗೆ ಎಳೆದು ಸರಿದೂಗಿಸಬೇಕು. ಎರಡು ಕಡೆಯೂ ಗೆಲ್ಲುವುದು ಅವಸರ ಪಡದವನೇ. ಆದರೆ ಪರದೆಯಲ್ಲಿ ಪಳಗಿದ ಕೈ ನಿಜವಾದ ಕೋವಿಗೆ ಪಳಗಿದೆ ಎಂದು ಭಾವಿಸುವುದು ಅಪಾಯ. ಸುರಕ್ಷತೆಯ ಒಂದು ಪಾಠವನ್ನೂ ಆಟ ಕಲಿಸುವುದಿಲ್ಲ. ಅದನ್ನು ಮನೆಯ ಹಿರಿಯರೇ ಕಲಿಸಬೇಕು.

ಅಂತರ್ಜಾಲದಲ್ಲಿ ಆಡುವಾಗ ಎದುರಾಗುವ ಲ್ಯಾಗ್ ಅಂದರೆ ತಡ, ಅದೂ ತಿಳಿದಿರಬೇಕಾದ ಸಂಗತಿ. ಹತ್ತು ಜನರ ಕಂಪ್ಯೂಟರುಗಳು ಒಂದಕ್ಕೊಂದು ನೇರ ಮಾತಾಡುವುದಿಲ್ಲ. ಎಲ್ಲವೂ ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ವರದಿ ಮಾಡುತ್ತವೆ. ಸರ್ವರ್ ಮುಂಬಯಿಯಲ್ಲಿದೆ ಎಂದುಕೊಳ್ಳಿ. ಪಾಲಿಬೆಟ್ಟದಿಂದ ಅಲ್ಲಿಗೆ ಹಕ್ಕಿ ಹಾರುವ ದೂರ ಸುಮಾರು 800 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, ಅಂದರೆ ಒಂದು ದಾರಿಗೆ 4 ಮಿಲಿಸೆಕೆಂಡು, ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕು. ಆದರೆ ಕೇಬಲ್ ನೇರ ಹೋಗುವುದಿಲ್ಲ, ಸಂಕೇತ ನಡುವೆ ಹತ್ತಾರು ಕಡೆ ನಿಂತು ಹೋಗುತ್ತದೆ; ಹೋಗಿ ಬರುವ ಹೊತ್ತು ಇದರ ಹಲವು ಪಟ್ಟಾಗುತ್ತದೆ. ಈ ಹೋಗಿಬರುವ ಹೊತ್ತಿಗೇ ಹುಡುಗರು ಪಿಂಗ್ ಅನ್ನುತ್ತಾರೆ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಬೆರಳು ಪ್ರತಿಕ್ರಿಯಿಸಲು 200 ಮಿಲಿಸೆಕೆಂಡಿನಷ್ಟು ಬೇಕು. ಹಾಗಾಗಿ ಪಿಂಗ್ 40-50 ಇದ್ದರೆ ಆಟಕ್ಕೆ ತೊಂದರೆಯಿಲ್ಲ. 200 ದಾಟಿದರೆ ನೀವು ಕಾಣುತ್ತಿರುವುದು ಹಳೆಯ ಸುದ್ದಿ. ಸರ್ವರ್ ಇದನ್ನು ಸರಿಪಡಿಸಲು, ನೀವು ಗುಂಡು ಹಾರಿಸಿದ ಕ್ಷಣದಲ್ಲಿ ನಿಮ್ಮ ಪರದೆಯಲ್ಲಿ ಏನಿತ್ತು ಎಂದು ಕಾಲವನ್ನು ತುಸು ಹಿಂದಕ್ಕೆ ತಿರುಗಿಸಿ ಪರೀಕ್ಷಿಸುತ್ತದೆ. ಗೋಡೆಯ ಮರೆಗೆ ಸೇರಿದ ಮೇಲೂ ‘ಸತ್ತಿರಿ’ ಎಂದು ಬಂದರೆ ಕಾರಣ ಇದೇ. ಜೂನ್-ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಕೇಬಲ್ ತುಂಡಾಗುವ ನಮ್ಮ ಊರುಗಳಲ್ಲಿ ಹುಡುಗರು ಮೇಜು ಕುಟ್ಟುವುದು ಆಟದ ಹಿಂಸೆಯಿಂದ ಎಂದು ತಿಳಿಯುವವರಿದ್ದಾರೆ. ಬಹಳ ಸಲ ಅದು ಈ ತಡದ ಮೇಲಿನ ಸಿಟ್ಟು.

ಚಿಂತೆ ಪಡಬೇಕಾದ ಸಂಗತಿಗಳು ಬೇರೆ ಇವೆ. ಪತ್ರಿಕೆಗಳಲ್ಲಿ ‘ಆನ್‌ಲೈನ್ ಗೇಮ್’ ಎಂಬ ಒಂದೇ ಹೆಸರಿನಡಿ ರಮ್ಮಿಯೂ ಬರುತ್ತದೆ, ಇವೂ ಬರುತ್ತವೆ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ಆಟಗಳನ್ನು ಬೇರೆ ಇಟ್ಟಿತು. ಆದರೆ ಗುಂಡಿನ ಆಟಗಳಲ್ಲೂ ಹಣದ ಕಿಂಡಿಗಳಿವೆ. ಕೋವಿಗೆ ಹಾಕುವ ಬಣ್ಣದ ಹೊದಿಕೆಗೆ ಸ್ಕಿನ್ ಅನ್ನುತ್ತಾರೆ. ಒಳಗೇನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆಯನ್ನು ಹಣ ಕೊಟ್ಟು ತೆರೆದು ಅದನ್ನು ಪಡೆಯುವ ಏರ್ಪಾಡು ‘ಕೌಂಟರ್ ಸ್ಟ್ರೈಕ್’ನಲ್ಲೂ ಇದೆ. ಇದರ ಒಳತರ್ಕ ಲಾಟರಿಯದ್ದು. ಹೆಡ್‌ಫೋನಿನಲ್ಲಿ ಅಪರಿಚಿತರ ಬೈಗುಳ ಕೇಳಬೇಕಾಗುತ್ತದೆ, ಹೆಣ್ಣುದನಿ ಕೇಳಿದರೆ ಅದು ಇನ್ನೂ ಕೀಳಾಗುತ್ತದೆ. ಎಷ್ಟೋ ಹುಡುಗಿಯರು ಮೈಕ್ ಆರಿಸಿಯೇ ಆಡುತ್ತಾರೆ. ಈ ಆಟಗಳ ಬಗ್ಗೆ ನನಗೆ ನಿಜವಾಗಿ ಬೇಸರ ತರುವ ಸಂಗತಿ ಇದು. ಇನ್ನು ಹಿಡಿತ ತಪ್ಪುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ‘ಗೇಮಿಂಗ್ ಡಿಸಾರ್ಡರ್’ ಇದೆ. ಎಷ್ಟು ಗಂಟೆ ಆಡಿದರು ಎಂಬುದು ಅದರ ಅಳತೆಯಲ್ಲ. ಓದು, ನಿದ್ದೆ, ಊಟ, ನಂಟು ಕೆಟ್ಟರೂ ಬಿಡಲಾಗದೆ, ಅದೇ ಸ್ಥಿತಿ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಮುಂದುವರಿದರೆ ಮಾತ್ರ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಗೀಳುಗಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯ 2014ರಿಂದ ನಡೆಯುತ್ತಿದೆ.

ಇಷ್ಟನ್ನು ಮುಂದಿಟ್ಟುಕೊಂಡು ನನ್ನ ಅಭಿಪ್ರಾಯ ಹೇಳುವುದಾದರೆ, ಹೆತ್ತವರು ಪಕ್ಕದಲ್ಲಿ ನಿಂತು ನೋಡಿ ಈ ಆಟಗಳನ್ನು ಅಳೆಯಬಾರದು. ಪಕ್ಕದಲ್ಲಿ ನಿಂತವರಿಗೆ ಕಾಣುವುದು ರಕ್ತ ಮತ್ತು ತಲೆಸುತ್ತು, ಎರಡೇ. ಮಗನ ಅಥವಾ ಮಗಳ ಕುರ್ಚಿಯಲ್ಲಿ ಕೂತು, ‘ನನಗೆ ಕಲಿಸು’ ಎಂದು ಕೇಳಿ, ಕೈ ಪಳಗುವವರೆಗೆ ಆಡಬೇಕು. ಆಗ ಯಾವ ಆಟ ಯಾವ ವಯಸ್ಸಿಗೆ, ಯಾರ ಜೊತೆ, ಎಷ್ಟು ಹೊತ್ತು ಎಂಬ ಮಾತಿಗೆ ಮಕ್ಕಳೂ ಕಿವಿಗೊಡುತ್ತಾರೆ. ಆಡಿದವರ ಮಾತೆಂದು ಅವರಿಗೆ ಗೊತ್ತಿರುತ್ತದೆ.

ಕೊಡಗಿನ ಯುವಕ ಸಂಘಗಳು ಇದಕ್ಕೊಂದು ದಾರಿ ಮಾಡಬಹುದು ಎಂದೂ ನನಗೆ ಅನಿಸಿದೆ. ಮಳೆಗಾಲದಲ್ಲಿ ಮೈದಾನ ಕೆಸರಾಗಿ ಆಟಗಳು ನಿಂತಿರುವ ವಾರಗಳಲ್ಲಿ, ಸಮುದಾಯ ಭವನದ ಒಂದು ಕೋಣೆಯಲ್ಲಿ ಹಳೆಯ ಹತ್ತು ಕಂಪ್ಯೂಟರುಗಳನ್ನು ಒಂದೇ ಸ್ವಿಚ್ಚಿಗೆ ತಂತಿಯಿಂದ ಜೋಡಿಸಿದರೆ ಸಾಕು. ಹೀಗೆ ಜೋಡಿಸಿದ ಜಾಲಕ್ಕೆ ಲ್ಯಾನ್ ಅನ್ನುತ್ತಾರೆ. ಅದಕ್ಕೆ ಅಂತರ್ಜಾಲ ಬೇಡ, ತಡ ಇರುವುದಿಲ್ಲ, ಅಪರಿಚಿತರ ಬೈಗುಳವಿಲ್ಲ, ಪೆಟ್ಟಿಗೆ ತೆರೆಯುವ ಲಾಟರಿ ಇಲ್ಲ. ಎದುರಾಳಿ ಎದುರಿನ ಮೇಜಿನಲ್ಲೇ ಕೂತಿರುತ್ತಾನೆ. ಇಪ್ಪತ್ತು ವರ್ಷದ ಹಿಂದಿನ ‘ಕೌಂಟರ್ ಸ್ಟ್ರೈಕ್’ ಇಂದಿನ ಅತಿ ಅಗ್ಗದ ಕಂಪ್ಯೂಟರಿನಲ್ಲೂ ಓಡುತ್ತದೆ. ಪ್ರತಿ ತಂಡದಲ್ಲಿ ಇಬ್ಬರು ನಲವತ್ತು ದಾಟಿದವರು ಇರಲೇಬೇಕು, ಒಬ್ಬರಾದರೂ ಹೆಂಗಸು ಇರಬೇಕು, ಹದಿನಾರು ತುಂಬದವರಿಗೆ ‘ಪೋರ್ಟಲ್’ ಇರುವ ಬೇರೆ ಮೇಜು ಎಂದು ನಿಯಮ ಮಾಡಬಹುದು. ಮೊದಲ ಸಂಜೆ ಸ್ಪರ್ಧೆ ಇಡಬಾರದು. ಹಿರಿಯರು ಬಾಗಿಲು ದಾಟುವುದನ್ನು ಕಲಿಯಲಿ. ಸೆನ್ಸಿಟಿವಿಟಿ ಇಳಿಸಿಕೊಡಲು ಪ್ರತಿ ಕುರ್ಚಿಯ ಹಿಂದೆ ಒಬ್ಬ ಹುಡುಗನೋ ಹುಡುಗಿಯೋ ನಿಂತಿರಲಿ.